ಗಣಗಳ ನಡುವಣ ಸಂಬಂಧ: ಬೀಜಗಣಿತದ ಒಂದು ಕಲ್ಪನೆಯೂ ಇತಿಹಾಸದ ಕಾಲನಿರ್ಣಯವೂ

ಪ್ರೌಢಶಾಲೆಯ ಹಾಗೂ ಪದವಿಪೂರ್ವ ತರಗತಿಗಳ ಬೀಜಗಣಿತದಲ್ಲಿ ‘ಸಂಬಂಧ’ವೆಂಬ ಮಾತು ವಿದ್ಯಾರ್ಥಿಗೆ ಒಂದು ವ್ಯಾಖ್ಯೆಯ ರೂಪದಲ್ಲಿ ಎದುರಾಗುತ್ತದೆ. ಎರಡು ಗಣಗಳ ಕಾರ್ಟೀಸಿಯನ್ ಗುಣಲಬ್ಧದ ಯಾವುದೇ ಉಪಗಣವು ಒಂದರಿಂದ ಇನ್ನೊಂದಕ್ಕೆ ಏರ್ಪಟ್ಟ ಸಂಬಂಧವೆನಿಸುತ್ತದೆ ಎಂಬುದೇ ಆ ವ್ಯಾಖ್ಯೆ. ಇದು ನಿರ್ದುಷ್ಟವಾದ ವಾಕ್ಯ. ಆದರೆ ತಂದೆ-ಮಗ, ಗುರು-ಶಿಷ್ಯ ಎಂಬ ಅರ್ಥದಲ್ಲಿ ಸಂಬಂಧವನ್ನು ಬಲ್ಲ ಹುಡುಗನಿಗೆ ಇದರಲ್ಲಿ ತನ್ನ ಪರಿಚಯದ ಯಾವುದೊಂದೂ ಕಾಣುವುದಿಲ್ಲವಾಗಿ, ಅವನು ಅದನ್ನು ಕಂಠಪಾಠ ಮಾಡಿ ಮುಂದೆ ಸಾಗುತ್ತಾನೆ. ಇತಿಹಾಸದ ಅಧ್ಯಾಪಕರಾದ ನಮಗೆ ಇದರಲ್ಲೇನು ಕೆಲಸವೆಂದು ವಾಚಕರು ಕೇಳಬಹುದು. ವಂಶಾವಳಿ, ಸಮಕಾಲೀನತೆ, ಪೂರ್ವಾಪರ ಇವೆಲ್ಲವೂ ಸಂಬಂಧಗಳೇ. ಇವುಗಳ ಗುಣಭೇದವನ್ನು ಗಮನಿಸದೆ ನಾವು ಮಾಡುವ ಊಹೆಗಳು ಎಷ್ಟೋ ವೇಳೆ ದಾರಿ ತಪ್ಪುತ್ತವೆ. ಗಣಿತದವರು ಈ ಭೇದವನ್ನು ನಮಗಿಂತ ಚೊಕ್ಕವಾಗಿ ವಿಂಗಡಿಸಿಟ್ಟಿದ್ದಾರೆ.

ಮೊದಲು ವ್ಯಾಖ್ಯೆಯನ್ನೇ ಬಿಡಿಸಿ ನೋಡೋಣ. ಒಂದು ಗಣದಲ್ಲಿ ಮೂರು ಅಂಶಗಳೂ ಇನ್ನೊಂದರಲ್ಲಿ ಎರಡು ಅಂಶಗಳೂ ಇದ್ದರೆ, ಮೊದಲನೆಯದರಿಂದ ಒಂದನ್ನೂ ಎರಡನೆಯದರಿಂದ ಒಂದನ್ನೂ ಅದೇ ಕ್ರಮದಲ್ಲಿ ಆರಿಸಿದಾಗ 6 ಜೋಡಿಗಳು ದೊರೆಯುತ್ತವೆ. ಇವೇ ಕ್ರಮಯುಗ್ಮಗಳು. ಒಂದೊಂದು ಯುಗ್ಮವನ್ನೂ ಇಟ್ಟುಕೊಳ್ಳಬಹುದು ಇಲ್ಲವೆ ಬಿಡಬಹುದು. ಆದಕಾರಣ ಈ ಎರಡು ಗಣಗಳ ನಡುವೆ ಒಟ್ಟು 64 ಸಂಬಂಧಗಳು ಸಾಧ್ಯ. ಅವುಗಳಲ್ಲಿ ಬಹುಪಾಲಿಗೆ ಯಾವ ಭಾಷೆಯಲ್ಲಿಯೂ ಹೆಸರಿಲ್ಲ. ವಿದ್ಯಾರ್ಥಿ ತಡವರಿಸುವುದು ಇಲ್ಲಿಯೇ ಎಂದು ನಮ್ಮ ಅಭಿಪ್ರಾಯ. ಸಂಬಂಧಕ್ಕೆ ಮೊದಲು ಒಂದು ಅರ್ಥವಿರಬೇಕು, ಆಮೇಲೆ ಜೋಡಿಗಳು ಹುಟ್ಟಬೇಕು ಎಂದು ಅವನು ಎಣಿಸುತ್ತಾನೆ. ಗಣಿತವಾದರೋ ಜೋಡಿಗಳ ಪಟ್ಟಿಯನ್ನೇ ಸಂಬಂಧವೆಂದು ಕರೆದು, ಅರ್ಥದ ಗೊಡವೆಯನ್ನು ಬಿಟ್ಟುಬಿಡುತ್ತದೆ.

ಹೊಯ್ಸಳರ ವಂಶಾವಳಿಯಿಂದ ಒಂದು ಉದಾಹರಣೆಯನ್ನು ಕೊಡಬಹುದು. ಇಮ್ಮಡಿ ಬಲ್ಲಾಳನ ಮಗ ಇಮ್ಮಡಿ ನರಸಿಂಹ, ಅವನ ಮಗ ಸೋಮೇಶ್ವರ. ಸೋಮೇಶ್ವರನಿಗೆ ಮುಮ್ಮಡಿ ನರಸಿಂಹ ಮತ್ತು ರಾಮನಾಥ ಎಂಬ ಇಬ್ಬರು ಮಕ್ಕಳಿದ್ದು, ರಾಜ್ಯವು ಅವರ ನಡುವೆ ಹಂಚಿಹೋಯಿತು. ತಂದೆಯನ್ನು ಮೊದಲು, ಮಗನನ್ನು ಅನಂತರ ಬರೆದ ಯುಗ್ಮಗಳಲ್ಲಿ ಸೋಮೇಶ್ವರನು ಎರಡು ಬಾರಿ ಮೊದಲ ಸ್ಥಾನದಲ್ಲಿ ಬರುತ್ತಾನೆ. ಇದು ಸಂಬಂಧವೇನೋ ಹೌದು, ಆದರೆ ಉತ್ಪನ್ನವಲ್ಲ. ಉತ್ಪನ್ನವಾಗಬೇಕಾದರೆ ಮೊದಲ ಗಣದ ಪ್ರತಿಯೊಂದು ಅಂಶಕ್ಕೂ ಒಂದೇ ಒಂದು ಜೊತೆಯಿರಬೇಕು. ಅವೇ ಯುಗ್ಮಗಳನ್ನು ತಿರುಗಿಸಿ ಮಗನನ್ನು ಮೊದಲು ಬರೆದರೆ, ಪ್ರತಿ ಮಗನಿಗೂ ತಂದೆ ಒಬ್ಬನೇ ಆದುದರಿಂದ, ಉತ್ಪನ್ನವು ದೊರೆಯುತ್ತದೆ. ಒಂದು ಸಂಖ್ಯೆಯಿಂದ ಅದರ ವರ್ಗಕ್ಕೆ ಹೋಗುವುದು ಉತ್ಪನ್ನ; ಅದನ್ನು ತಿರುಗಿಸಿದರೆ (4, 2) ಮತ್ತು (4, −2) ಎಂಬ ಎರಡು ಯುಗ್ಮಗಳು ಒಟ್ಟಿಗೆ ಬಂದು, 4 ಎಂಬುದು ಸೋಮೇಶ್ವರನ ಸ್ಥಿತಿಯಲ್ಲಿ ನಿಲ್ಲುತ್ತದೆ.

ಪಾಠದಲ್ಲಿ ಮೊದಲು ಬರುವ ಈ ವ್ಯಾಖ್ಯೆ ಚರಿತ್ರೆಯಲ್ಲಿ ಕಟ್ಟಕಡೆಗೆ ಬಂದದ್ದು. ಸಂಬಂಧಗಳ ತರ್ಕವನ್ನು 1860ರಲ್ಲಿ ವಿಸ್ತಾರವಾಗಿ ಚರ್ಚಿಸಿದ ಅಗಸ್ಟಸ್ ಡಿ ಮಾರ್ಗನ್ ಹುಟ್ಟಿದ್ದು 1806ರಲ್ಲಿ ನಮ್ಮ ದೇಶದ ಮಧುರೆಯಲ್ಲಿ. ಅವನ ತಂದೆ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಾಧಿಕಾರಿ. ಕೂಸಾಗಿದ್ದಾಗಲೇ ಇಂಗ್ಲೆಂಡಿಗೆ ಹೋದ ಅವನು 1828ರಲ್ಲಿ ಲಂಡನ್ನಿನ ಹೊಸ ವಿಶ್ವವಿದ್ಯಾಲಯದ ಮೊದಲ ಗಣಿತ ಪ್ರಾಧ್ಯಾಪಕನಾದನು. ಅಮೆರಿಕದ ಚಾರ್ಲ್ಸ್ ಪರ್ಸ್ 1870ರಲ್ಲಿ ಈ ತರ್ಕವನ್ನು ಸಂಕೇತಗಳಲ್ಲಿ ಬೆಳೆಸಿದನು. ಗಣಗಳ ಸಿದ್ಧಾಂತಕ್ಕೆ ತಳಹದಿಯನ್ನು ಹಾಕಿದ ಕ್ಯಾಂಟರನ ಮೊದಲ ಪ್ರಬಂಧ ಪ್ರಕಟವಾದದ್ದು 1874ರಲ್ಲಿ. ಎಂದರೆ ಸಂಬಂಧದ ವಿಚಾರ ಮೊದಲು, ಗಣದ ಸಿದ್ಧಾಂತ ಆಮೇಲೆ. ಇವೆರಡನ್ನು ಬೆಸೆಯುವುದಕ್ಕೆ ಇನ್ನೂ ಒಂದು ತೊಡಕಿತ್ತು. ಗಣಕ್ಕೆ ತನ್ನ ಅಂಶಗಳ ಕ್ರಮ ತಿಳಿಯದು. ‘ರಾಮನಾಥ, ಸೋಮೇಶ್ವರ’ ಎಂದರೂ ‘ಸೋಮೇಶ್ವರ, ರಾಮನಾಥ’ ಎಂದರೂ ಗಣ ಒಂದೇ. ಹೀಗಿರುವಾಗ ತಂದೆ ಯಾರು, ಮಗ ಯಾರು ಎಂದು ಗಣದ ಭಾಷೆಯಲ್ಲಿ ಹೇಳುವುದು ಹೇಗೆ? 1914ರಲ್ಲಿ ನಾರ್ಬರ್ಟ್ ವೀನರ್ ಒಂದು ಉಪಾಯವನ್ನು ಸೂಚಿಸಿದನು. 1921ರಲ್ಲಿ ಪೋಲೆಂಡಿನ ಕುರಟೋವ್‌ಸ್ಕಿ ಅದಕ್ಕಿಂತ ಸರಳವಾದುದನ್ನು ಕೊಟ್ಟನು. ಮೊದಲನೆಯವನೊಬ್ಬನೇ ಇರುವ ಗಣ, ಇಬ್ಬರೂ ಇರುವ ಗಣ, ಈ ಎರಡನ್ನೂ ಅಂಶಗಳಾಗಿ ಉಳ್ಳ ಗಣವೇ ಕ್ರಮಯುಗ್ಮ. ಒಂಟಿಯಾಗಿ ಕಾಣಿಸಿಕೊಂಡವನೇ ಮೊದಲಿಗ.

ಇದು ಶಾಲೆಗಳಿಗೆ ಇಳಿದುದು 1957ರಲ್ಲಿ ಸೋವಿಯತ್ ಉಪಗ್ರಹವು ಹಾರಿದ ಮೇಲೆ ಅಮೆರಿಕದಲ್ಲಿ ರಭಸಗೊಂಡ ‘ಹೊಸ ಗಣಿತ’ದ ಚಳವಳಿಯಿಂದ. 1973ರಲ್ಲಿ ಮಾರಿಸ್ ಕ್ಲೈನ್ ಅದನ್ನು ಕಟುವಾಗಿ ಟೀಕಿಸಿ ಪುಸ್ತಕ ಬರೆದನು. ಶಿಖರವನ್ನು ತೋರಿಸಿ ದಾರಿಯನ್ನು ಮರೆಸುವ ಬೋಧನೆಯ ಮಟ್ಟಿಗೆ ಆ ಟೀಕೆ ನ್ಯಾಯವಾದದ್ದೇ. ಆದರೆ ಆ ಕಲ್ಪನೆಯನ್ನೇ ಕೈಬಿಡುವುದು ಸರಿಯಲ್ಲವೆಂಬುದಕ್ಕೆ ನಮ್ಮ ಶಾಸ್ತ್ರದಲ್ಲಿಯೇ ಸಾಕ್ಷ್ಯವುಂಟು.

ಪ್ರತಿಯೊಂದು ಅಂಶವೂ ತನ್ನೊಡನೆ ಆ ಸಂಬಂಧವನ್ನು ಹೊಂದಿರುವುದು ಪ್ರತಿಫಲನ. ಒಬ್ಬನಿಗೆ ಇನ್ನೊಬ್ಬನೊಡನೆ ಇದ್ದರೆ ಇನ್ನೊಬ್ಬನಿಗೂ ಮೊದಲನೆಯವನೊಡನೆ ಇರುವುದು ಸಮಮಿತಿ. ಮೊದಲನೆಯವನಿಂದ ಎರಡನೆಯವನಿಗೂ ಎರಡನೆಯವನಿಂದ ಮೂರನೆಯವನಿಗೂ ಇದ್ದರೆ ಮೊದಲನೆಯವನಿಂದ ಮೂರನೆಯವನಿಗೂ ಇರುವುದು ಸಂಕ್ರಮಣ. ಮೂರೂ ಕೂಡಿದರೆ ಸಮಾನತಾ ಸಂಬಂಧ. ‘ಒಂದೇ ವಂಶದವರು’ ಎಂಬುದು ಇಂಥದು. ಅದು ಅರಸರನ್ನು ಒಂದರೊಳಗೊಂದು ಬೆರೆಯದ ಗುಂಪುಗಳಾಗಿ ವಿಭಜಿಸುತ್ತದೆ. 5ರಿಂದ ಭಾಗಿಸಿದಾಗ ಒಂದೇ ಶೇಷ ಉಳಿಯುವ ಪೂರ್ಣಾಂಕಗಳು ಹೀಗೆಯೇ ಐದು ಗುಂಪುಗಳಾಗುತ್ತವೆ.

ಈಗ ‘ಸಮಕಾಲೀನರು’ ಎಂಬ ಸಂಬಂಧವನ್ನು ಪರೀಕ್ಷಿಸೋಣ. ಆಳ್ವಿಕೆಯ ಕಾಲಗಳು ಒಂದರ ಮೇಲೊಂದು ಹಾಯುವುದೆಂದು ಅದರ ಅರ್ಥವಾಗಲಿ. ಪ್ರತಿಫಲನ ಉಂಟು, ಸಮಮಿತಿ ಉಂಟು. ಸಂಕ್ರಮಣ ಮಾತ್ರ ಇಲ್ಲ. ಬಾದಾಮಿಯ ಇಮ್ಮಡಿ ಪುಲಕೇಶಿ ಸುಮಾರು 610ರಿಂದ 642ರವರೆಗೆ ಆಳಿದನು. ಪಲ್ಲವ ಮಹೇಂದ್ರವರ್ಮನ ಆಳ್ವಿಕೆ ಸುಮಾರು 630ರಲ್ಲಿ ಮುಗಿದು, ಅವನ ಮಗ ನರಸಿಂಹವರ್ಮನದು ಅಲ್ಲಿಂದ ಮೊದಲಾಯಿತು. ತಂದೆಮಕ್ಕಳಿಬ್ಬರೂ ಪುಲಕೇಶಿಗೆ ಸಮಕಾಲೀನ ಅರಸರೇ. ಅವರಿಬ್ಬರ ಆಳ್ವಿಕೆಗಳಾದರೋ ಒಂದಾದ ಮೇಲೊಂದು. ಸಂಖ್ಯೆಗಳಲ್ಲಿ ‘ವ್ಯತ್ಯಾಸ 1ನ್ನು ಮೀರದಿರುವುದು’ ಎಂಬ ಸಂಬಂಧವೂ ಹೀಗೆಯೇ: 1ಕ್ಕೂ 2ಕ್ಕೂ ಉಂಟು, 2ಕ್ಕೂ 3ಕ್ಕೂ ಉಂಟು, 1ಕ್ಕೂ 3ಕ್ಕೂ ಇಲ್ಲ. ಇದು ತಿಳಿಯಾದ ಮಾತೆನಿಸಬಹುದು. ಆದರೆ ತೇದಿಯಿಲ್ಲದ ಶಾಸನಗಳ ಅಥವಾ ಕವಿಗಳ ಕಾಲವನ್ನು ಸಮಕಾಲೀನತೆಯ ಕೊಂಡಿಗಳನ್ನು ಒಂದಕ್ಕೊಂದು ಸಿಕ್ಕಿಸಿ ನಿರ್ಣಯಿಸುವಾಗ, ಮೂರು ನಾಲ್ಕು ಕೊಂಡಿಗಳಾಚೆ ಒಂದು ಶತಮಾನವೇ ಜಾರಿಹೋಗುವ ಸಂಭವವುಂಟು. ಸಂಶೋಧನ ವಿದ್ಯಾರ್ಥಿಗಳು ಇದನ್ನು ವಿಶೇಷವಾಗಿ ಗಮನಿಸಬೇಕು.

‘ಈಚಿನವನಲ್ಲ’ ಎಂಬ ಸಂಬಂಧ ಇದಕ್ಕಿಂತ ಗಟ್ಟಿಯಾದುದು, ಏಕೆಂದರೆ ಅದಕ್ಕೆ ಸಂಕ್ರಮಣವಿದೆ. ಐಹೊಳೆಯ ಮೇಗುತಿ ದೇಗುಲದ ಶಾಸನವು ಶಕ 556, ಅಂದರೆ ಕ್ರಿ.ಶ. 634-35ಕ್ಕೆ ಸೇರಿದ್ದು. ಅದನ್ನು ರಚಿಸಿದ ರವಿಕೀರ್ತಿ ತನ್ನ ಕೀರ್ತಿಯನ್ನು ಕಾಳಿದಾಸ ಭಾರವಿಗಳ ಕೀರ್ತಿಗೆ ಹೋಲಿಸಿಕೊಂಡಿದ್ದಾನೆ. ಇದರಿಂದ ಆ ಇಬ್ಬರೂ ಕವಿಗಳು ಆ ವರ್ಷಕ್ಕಿಂತ ಈಚಿನವರಲ್ಲವೆಂದು ಸಿದ್ಧವಾಗುತ್ತದೆ. ಅವರಿಗಿಂತ ಹಿಂದಿನವರೆಂದು ಬೇರೆ ಪ್ರಮಾಣದಿಂದ ತಿಳಿದ ಯಾರೇ ಆಗಲಿ, ಅವರೂ ಈಚಿನವರಲ್ಲ. ಇಷ್ಟನ್ನು ನಿಶ್ಶಂಕೆಯಿಂದ ಹೇಳಬಹುದು. ಆದರೆ ಇಬ್ಬರೂ ಒಂದೇ ಗೆರೆಯ ಹಿಂದೆ ಇದ್ದಾರೆಂಬುದರಿಂದ ಅವರ ನಡುವೆ ಹಿಂದಿನವರಾರು, ಮುಂದಿನವರಾರು ಎಂಬುದು ಹೊರಡುವುದಿಲ್ಲ. ಸಮಾಸದಲ್ಲಿ ಕಾಳಿದಾಸನ ಹೆಸರು ಮೊದಲು ಬಂದಿರುವುದು ಛಂದಸ್ಸಿನ ಅನುಕೂಲವಿರಬಹುದು, ಗೌರವವಿರಬಹುದು. ಕಾಲಕ್ರಮದ ಪ್ರಮಾಣವಂತೂ ಆಗಲಾರದು.