ಹೊಗೆಯೊಳಗಿನ ಜೋಳ

ಬಿರಡೆ ತೆಗೆದ ಕೂಡಲೇ ಮೇಜಿನ ಸುತ್ತ ಕೂತವರ ಮುಖ ನೋಡಬೇಕು. ಕೆಲವರು ಗ್ಲಾಸನ್ನು ಮೂಗಿಗೆ ಇನ್ನಷ್ಟು ಹತ್ತಿರ ತರುತ್ತಾರೆ, ಕೆಲವರು ಕುರ್ಚಿಯಲ್ಲೇ ಹಿಂದೆ ಸರಿಯುತ್ತಾರೆ. ಅಮೆರಿಕದ ಟೆಕ್ಸಸ್ ರಾಜ್ಯದ ವೇಕೋ ಪಟ್ಟಣದಲ್ಲಿ ಬಾಲ್ಕೋನೀಸ್ ಡಿಸ್ಟಿಲರಿ ತಯಾರಿಸುವ ‘ಬ್ರಿಮ್‌ಸ್ಟೋನ್’ ವಿಸ್ಕಿಯ ಬಗ್ಗೆ ‘ಪರವಾಗಿಲ್ಲ’ ಎನ್ನುವವರು ಸಿಗುವುದು ಅಪರೂಪ. ಒಂದು ಬಣಕ್ಕೆ ಅದು ಅಮೆರಿಕದ ಸಣ್ಣ ಡಿಸ್ಟಿಲರಿಗಳು ಮಾಡಿದ ಅತಿ ದಿಟ್ಟ ಪ್ರಯೋಗ. ಇನ್ನೊಂದು ಬಣಕ್ಕೆ ಅದು ಆರಿದ ಒಲೆಯ ಬೂದಿಯನ್ನು ಕದಡಿಟ್ಟ ಸಾರಾಯಿ. ಎರಡೂ ಕಡೆಯವರ ಮಾತಿನಲ್ಲಿ ಸತ್ಯವಿದೆ. ಆದರೆ ಎರಡೂ ಕಡೆಯವರು ಹೊಗೆಯ ಬಗ್ಗೆ ಮಾತಾಡುತ್ತಾರೆಯೇ ಹೊರತು ಅದರ ಅಡಿಯಲ್ಲಿರುವ ಧಾನ್ಯದ ಬಗ್ಗೆ ಮಾತಾಡುವುದು ಕಡಿಮೆ. ಈ ವಿಸ್ಕಿಯ ನಿಜವಾದ ಬಲ ಇರುವುದು ಆ ಧಾನ್ಯದಲ್ಲಿ ಎಂಬುದು ನನ್ನ ನಂಬಿಕೆ.

ಬ್ರಿಮ್‌ಸ್ಟೋನ್‌ಗೆ ಬಳಸುವುದು ಹುರಿದ ನೀಲಿ ಮೆಕ್ಕೆಜೋಳ. ಅದಕ್ಕೆ ಕೂಡಿಸುವ ಹೊಗೆ ಟೆಕ್ಸಸ್‌ನ ಬಿಸಿಲಿಗೆ ಒಣಗಿದ ಕುರುಚಲು ಓಕ್ ಮರದ್ದು. ಮದ್ಯಸಾರ ಶೇ 53. ಸ್ಕಾಟ್ಲೆಂಡಿನಲ್ಲಿ ಹೊಗೆಗೆ ಒಡ್ಡುವುದು ಧಾನ್ಯವನ್ನು. ಮೊಳಕೆ ಬರಿಸಿದ ಬಾರ್ಲಿಯನ್ನು ಒಣಗಿಸುವಾಗ ಕೆಳಗೆ ಪೀಟ್ ಎಂಬ ಜವುಗು ಮಣ್ಣನ್ನು ಉರಿಸುತ್ತಾರೆ, ಹೊಗೆ ಕಾಳಿನ ಸಿಪ್ಪೆಗೆ ಅಂಟಿಕೊಂಡು, ಹುದುಗಿನಲ್ಲೂ ಬಟ್ಟಿಯಲ್ಲೂ ಅರ್ಧಕ್ಕಿಂತ ಹೆಚ್ಚು ಕಳೆದುಹೋಗಿ, ಉಳಿದದ್ದು ಬಾಟಲಿಗೆ ಬರುತ್ತದೆ. ವೇಕೋದಲ್ಲಿ ಹಾಗಲ್ಲ. ಅಲ್ಲಿ ಬಟ್ಟಿ ಇಳಿಸಿದ ವಿಸ್ಕಿಗೇ ಹೊಗೆ ಹಿಡಿಸುತ್ತಾರೆ. ಆ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಡಿಸ್ಟಿಲರಿ ಗುಟ್ಟಾಗಿಯೇ ಇಟ್ಟುಕೊಂಡಿದೆ. ನಡುವೆ ಯಾವ ಸೋಸುವಿಕೆಯೂ ಇಲ್ಲದೆ ಹೊಗೆ ನೇರವಾಗಿ ದ್ರವಕ್ಕೆ ಸೇರುವುದರಿಂದ ಮೊದಲ ಗುಟುಕು ಅಷ್ಟು ಘಾಟು.

ಡಿಸ್ಟಿಲರಿಯ ಹುಟ್ಟೂ ಬೆಂಕಿಯ ಜಾಗದಲ್ಲೇ ಆಯಿತು. ಚಿಪ್ ಟೇಟ್ ಎಂಬವರು 2008ರಲ್ಲಿ ವೇಕೋದ 17ನೇ ರಸ್ತೆಯ ಸೇತುವೆಯ ಬುಡದಲ್ಲಿದ್ದ ಹಳೆಯ ವೆಲ್ಡಿಂಗ್ ಅಂಗಡಿಯನ್ನು ಹಿಡಿದು, ಬಹುಪಾಲು ಸಲಕರಣೆಯನ್ನು ತಾವೇ ಕೈಯಾರೆ ಜೋಡಿಸಿ ಕೆಲಸ ಶುರುಮಾಡಿದರು. ಬಾಲ್ಕೋನೀಸ್ ಎಂಬುದು ಟೆಕ್ಸಸ್‌ನ ನಡುವೆ ಹಾದುಹೋಗುವ ಭೂಸ್ತರ ಬಿರುಕಿನ ಹೆಸರು. 2009ರಲ್ಲಿ ಅಲ್ಲಿಂದ ಬಂದ ಮೊದಲ ವಿಸ್ಕಿ ‘ಬೇಬಿ ಬ್ಲೂ’. ಪಾನನಿಷೇಧದ ಕಾಲ ಮುಗಿದ ಮೇಲೆ ಟೆಕ್ಸಸ್‌ನಲ್ಲಿ ಕಾನೂನುಬದ್ಧವಾಗಿ ತಯಾರಾಗಿ ಮಾರಾಟವಾದ ಮೊದಲ ವಿಸ್ಕಿ ಎಂಬ ಹೆಸರು ಅದಕ್ಕಿದೆ. ನಿಷೇಧ ತೆರವಾದ 1933ರಿಂದ ಲೆಕ್ಕ ಹಾಕಿದರೆ ಮುಕ್ಕಾಲು ಶತಮಾನದ ಅಂತರ. ಇಷ್ಟು ದೊಡ್ಡ ರಾಜ್ಯ, ಇಷ್ಟು ಕುಡಿಯುವ ರಾಜ್ಯ, ತನ್ನದೇ ಒಂದು ವಿಸ್ಕಿ ಇಲ್ಲದೆ ಅಷ್ಟು ವರ್ಷ ಕಳೆದದ್ದು ಆಶ್ಚರ್ಯವೇ.

ಅಮೆರಿಕದಲ್ಲಿ ಮೆಕ್ಕೆಜೋಳದ ವಿಸ್ಕಿಗೆ ಗೌರವದ ಸ್ಥಾನ ಎಂದೂ ಸಿಕ್ಕಿಲ್ಲ. ಬರ್ಬನ್‌ಗೂ ಮೆಕ್ಕೆಜೋಳವೇ ಆಧಾರ, ಕಾನೂನಿನ ಪ್ರಕಾರ ಕನಿಷ್ಠ ಶೇ 51. ಆದರೆ ಅದು ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯಲ್ಲಿ ಮಾಗಲೇಬೇಕು. ಹೀಗಾಗಿ ಬರ್ಬನ್ ಎಂದರೆ ನಾವು ನೆನಪಿಡುವ ವೆನಿಲಾ, ಕ್ಯಾರಮೆಲ್ ಎಲ್ಲ ಹೆಚ್ಚಿನಂಶ ಮರದ ಕೊಡುಗೆ. ಕಾರ್ನ್ ವಿಸ್ಕಿ ಎಂದು ಕರೆಸಿಕೊಳ್ಳಲು ಶೇ 80 ಮೆಕ್ಕೆಜೋಳ ಇರಬೇಕು, ಪೀಪಾಯಿಯ ಹಂಗೇ ಬೇಕಿಲ್ಲ. ಮಾಗಿಸುವುದಾದರೆ ಬಳಸಿ ಬಿಟ್ಟ ಪೀಪಾಯಿಯೋ ಒಳಗೆ ಸುಡದ ಹೊಸ ಪೀಪಾಯಿಯೋ ಆಗಬೇಕು. ಮರದ ಮರೆ ಇಲ್ಲದ ಕಾರಣ ಧಾನ್ಯ ಕೆಟ್ಟದ್ದಾದರೆ ಕೆಟ್ಟದ್ದು, ಒಳ್ಳೆಯದಾದರೆ ಒಳ್ಳೆಯದು ಎಂದು ನಾಲಿಗೆಗೆ ನೇರವಾಗಿ ತಿಳಿಯುತ್ತದೆ. ಬೆಟ್ಟದ ಸಂದಿಗಳಲ್ಲಿ ತೆರಿಗೆ ಅಧಿಕಾರಿಗಳ ಕಣ್ಣು ತಪ್ಪಿಸಿ ಕಾಯಿಸುತ್ತಿದ್ದ ಕಳ್ಳಭಟ್ಟಿಯ ಜೊತೆಗೇ ಇದರ ಹೆಸರು ತಳುಕು ಹಾಕಿಕೊಂಡಿತು. ಅಗ್ಗದ ಕಾಳು, ಅವಸರದ ಬಟ್ಟಿ, ಗಂಟಲು ಸುಡುವ ಪಾನೀಯ ಎಂಬ ಭಾವನೆ ಬಲವಾಗಿ ಬೇರೂರಿತು.

ಟೇಟ್ ಮಾಡಿದ ಮುಖ್ಯ ಕೆಲಸ ಎಂದರೆ ಕಾಳನ್ನೇ ಬದಲಿಸಿದ್ದು. ಎಕರೆಗೆ ಹೆಚ್ಚು ಇಳುವರಿ ಕೊಡುವ, ಜಾನುವಾರು ಮೇವಿಗೂ ಎಥನಾಲ್‌ಗೂ ಹೋಗುವ ಹಳದಿ ಮೆಕ್ಕೆಜೋಳವನ್ನು ಬಿಟ್ಟು, ಅವರು ಅಮೆರಿಕದ ಮೂಲನಿವಾಸಿಗಳಾದ ಹೋಪಿ ಜನರ ನೀಲಿ ಜೋಳಕ್ಕೆ ಹೋದರು. ಉತ್ತರ ಅರಿಜೋನಾದ ಒಣ ಬಯಲಿನಲ್ಲಿ ಹೋಪಿಗಳು ನೀರಾವರಿ ಇಲ್ಲದೆ, ನೆಲದ ಆಳದ ತೇವ ಹುಡುಕಿ ಬೀಜವನ್ನು ಅಷ್ಟು ಆಳಕ್ಕೆ ಊರಿ ಈ ಜೋಳವನ್ನು ತಲೆಮಾರುಗಳಿಂದ ಬೆಳೆದಿದ್ದಾರೆ. ಅದರ ಹಿಟ್ಟಿಗೆ ಬೂದಿಯ ನೀರು ಬೆರೆಸಿ, ಕಾದ ಕಲ್ಲಿನ ಮೇಲೆ ಬರಿಗೈಯಲ್ಲಿ ತೆಳ್ಳಗೆ ಸವರಿ, ಕಾಗದದಷ್ಟು ತೆಳುವಾದ ‘ಪಿಕಿ’ ರೊಟ್ಟಿ ಮಾಡುತ್ತಾರೆ. ಆ ಬೂದಿಯಿಂದಲೇ ನೀಲಿ ಬಣ್ಣ ಉಳಿಯುವುದು. ಬೂದಿ, ಬೆಂಕಿ, ಕಲ್ಲು ಇವೆಲ್ಲ ಈ ಧಾನ್ಯದ ಜೊತೆಗೆ ಮೊದಲಿನಿಂದಲೂ ಇದ್ದವು. ನೀಲಿ ಬಣ್ಣ ಬಟ್ಟಿಯಲ್ಲಿ ಮೇಲೇರಿ ಬರುವುದಿಲ್ಲ, ವಿಸ್ಕಿಯಲ್ಲಿ ಅದರ ಕುರುಹೂ ಇಲ್ಲ. ಬರುವುದು ರುಚಿ: ಹುರಿಗಡಲೆಗೂ ಶೇಂಗಾಕ್ಕೂ ನಡುವಿನ ಎಣ್ಣೆಯಂಶ, ನಾಲಿಗೆಯ ಮೇಲೆ ನಿಲ್ಲುವ ದಪ್ಪ, ಹದವಾದ ಸಿಹಿ.

ಇನ್ನು ಹೊಗೆ. ಸ್ಕಾಟ್ಲೆಂಡಿನ ಐಲಾ ದ್ವೀಪದಲ್ಲಿ ಮರ ಕಡಿಮೆ, ಜವುಗು ನೆಲ ಹೆಚ್ಚು. ಹೀಗಾಗಿ ಅಲ್ಲಿನವರು ಸಾವಿರಾರು ವರ್ಷ ಕೊಳೆತು ಗಟ್ಟಿಯಾದ ಪಾಚಿಯನ್ನು, ಹುಲ್ಲನ್ನು ಕಡಿದು ಒಣಗಿಸಿ ಉರಿಸಿದರು. ಅದೇ ಪೀಟ್. ಲಫ್ರೋಗ್, ಆರ್ಡ್‌ಬೆಗ್, ಲಾಗಾವುಲಿನ್ ಕುಡಿದವರಿಗೆ ಆಸ್ಪತ್ರೆಯ ವಾಸನೆ, ಅಯೋಡಿನ್, ಸಮುದ್ರದ ಪಾಚಿ ನೆನಪಾಗುವುದು ಪೀಟ್ ಹೊಗೆಯಲ್ಲಿ ಫೀನಾಲ್, ಕ್ರೆಸಾಲ್ ಎಂಬ ರಾಸಾಯನಿಕಗಳ ಪಾಲು ದೊಡ್ಡದಿರುವುದರಿಂದ. ಮರದ ಕಟ್ಟಿಗೆಯ ಕಥೆ ಬೇರೆ. ಕಟ್ಟಿಗೆಯಲ್ಲಿರುವ ಲಿಗ್ನಿನ್ ಕಾಯ್ದು ಒಡೆದಾಗ ಗ್ವಾಯಕಾಲ್, ಸಿರಿಂಗಾಲ್ ಹುಟ್ಟುತ್ತವೆ. ಹೊಗೆಯಲ್ಲಿ ಸುಟ್ಟ ಮಾಂಸಕ್ಕೆ ಬರುವ, ಲವಂಗದ ಕಡೆಗೆ ವಾಲುವ ಸಿಹಿಗಾರ ಇವುಗಳದ್ದು. ಟೆಕ್ಸಸ್‌ನವರಿಗೆ ಈ ವಾಸನೆ ಹೊಸದಲ್ಲ. ಲಾಕ್‌ಹಾರ್ಟ್‌ನಂಥ ಊರುಗಳಲ್ಲಿ ಜರ್ಮನ್, ಝೆಕ್ ವಲಸಿಗರು ತೆರೆದ ಮಾಂಸದಂಗಡಿಗಳಿಂದ ಬೆಳೆದ ಬಾರ್ಬೆಕ್ಯೂ ಪರಂಪರೆ ಓಕ್ ಕಟ್ಟಿಗೆಯನ್ನೇ ನಂಬಿಕೊಂಡಿದೆ. ಗೋಮಾಂಸದ ಎದೆಯ ತುಂಡನ್ನು ಇಡೀ ರಾತ್ರಿ ಓಕ್ ಹೊಗೆಯಲ್ಲಿ ಇಟ್ಟು ಬೇಯಿಸುವ ಜನಕ್ಕೆ ವಿಸ್ಕಿಗೂ ಅದೇ ಕಟ್ಟಿಗೆ ಸಾಕೆನಿಸಿದರೆ ಅದು ಸಹಜ. ಐಲಾದವರು ತಮ್ಮ ಕಾಲಡಿಯ ನೆಲವನ್ನು ಉರಿಸಿದರು, ಇವರು ತಮ್ಮ ಬಯಲಿನ ಮರವನ್ನು ಉರಿಸಿದರು.

ಈ ದಾರಿಯಲ್ಲಿ ಬಾಲ್ಕೋನೀಸ್ ಒಂಟಿಯಲ್ಲ. ಅರಿಜೋನಾದ ಟೂಸಾನ್‌ನ ಹ್ಯಾಮಿಲ್ಟನ್ ಡಿಸ್ಟಿಲರ್ಸ್ ಮೆಸ್ಕೀಟ್ ಕಟ್ಟಿಗೆಯಲ್ಲಿ ಬಾರ್ಲಿ ಒಣಗಿಸಿ ‘ಡೆಲ್ ಬಾಕ್’ ಮಾಡುತ್ತದೆ. ನ್ಯಾಶ್‌ವಿಲ್‌ನ ಕೋರ್ಸೇರ್ ತನ್ನ ‘ಟ್ರಿಪಲ್ ಸ್ಮೋಕ್’ಗೆ ಚೆರ್ರಿ ಮರ, ಬೀಚ್ ಮರ, ಪೀಟ್ ಮೂರರ ಹೊಗೆಯನ್ನೂ ಸೇರಿಸುತ್ತದೆ. ಇವೆರಡೂ ಬಾರ್ಲಿಯ ಹಾದಿ ಹಿಡಿದವು. ಮೆಕ್ಕೆಜೋಳದ ಸಿಹಿಗೆ ಇಷ್ಟು ಒರಟು ಹೊಗೆಯನ್ನು ಎದುರಾಗಿಸಿದ ಧೈರ್ಯ ಬ್ರಿಮ್‌ಸ್ಟೋನ್‌ನದು.

ಕುಡಿದವರು ಏನೆನ್ನುತ್ತಾರೆ? ಮೂಗಿಗೆ ಮೊದಲು ಬರುವುದು ಮಳೆ ಬಿದ್ದು ಆರಿದ ಕ್ಯಾಂಪ್‌ಫೈರ್, ಚರ್ಮದ ಜೀನು, ಸುಟ್ಟ ರಬ್ಬರ್ ಎಂದು ಕೆಲವರು, ಹೊಗೆಯಾಡಿಸಿದ ಮಾಂಸದ ಮೇಲಿನ ಕರಿ ಪದರ ಎಂದು ಹಲವರು. ಬಾಯಿಗೆ ಬಂದ ಮೇಲೆ ಅಭಿಪ್ರಾಯ ಕವಲೊಡೆಯುತ್ತದೆ. ಒಂದೇ ಗುಟುಕಿಗೆ ತೀರ್ಪು ಕೊಟ್ಟವರಿಗೆ ಕಮಟು, ಬೂದಿ, ಕಹಿ ಮಾತ್ರ ಸಿಕ್ಕಿದೆ. ಗ್ಲಾಸನ್ನು ಅರ್ಧ ಗಂಟೆ ಬಿಟ್ಟವರು ಬೇರೆ ಮಾತಾಡುತ್ತಾರೆ. ಹೊಗೆಯ ಮೊದಲ ಅಬ್ಬರ ಇಳಿದ ಮೇಲೆ ಒಣ ಖರ್ಜೂರ, ಕಿತ್ತಳೆ ಸಿಪ್ಪೆ, ಕಾಕಂಬಿ, ಕೊನೆಗೆ ಬೆಣ್ಣೆಯಂಥ ಜೋಳ ಎನ್ನುತ್ತಾರೆ. ನನಗೆ ಇದು ಮುಸ್ಸಂಜೆಯಲ್ಲಿ ತಳ್ಳುಗಾಡಿಯವ ಇದ್ದಿಲ ಕೆಂಡದ ಮೇಲೆ ತಿರುವಿ ಕೊಡುವ ಮುಸುಕಿನ ಜೋಳದ ತೆನೆ: ಕಪ್ಪಾದ ಕಾಳು ಹಲ್ಲಿಗೆ ಸಿಕ್ಕಾಗ ಮೊದಲು ಸುಟ್ಟ ಕಹಿ, ಅದರ ಹಿಂದೆಯೇ ಹಾಲು ತುಂಬಿದ ಸಿಹಿ. ಸುಟ್ಟದ್ದು ಇಲ್ಲದಿದ್ದರೆ ಆ ಸಿಹಿ ಅಷ್ಟು ಎದ್ದು ಕಾಣುತ್ತಿರಲಿಲ್ಲ.

ನೀರಿನ ವಿಷಯದಲ್ಲಿ ಇಲ್ಲೊಂದು ವಿಜ್ಞಾನವಿದೆ. ಸ್ವೀಡನ್‌ನ ಲಿನೇಯಸ್ ವಿಶ್ವವಿದ್ಯಾಲಯದ ಬ್ಯೋರ್ನ್ ಕಾರ್ಲ್‌ಸನ್ ಮತ್ತು ರಾನ್ ಫ್ರೀಡ್‌ಮನ್ 2017ರಲ್ಲಿ ಗ್ವಾಯಕಾಲ್ ಅಣು ನೀರು ಮತ್ತು ಮದ್ಯಸಾರದ ಮಿಶ್ರಣದಲ್ಲಿ ಎಲ್ಲಿರುತ್ತದೆ ಎಂದು ಕಂಪ್ಯೂಟರ್ ಲೆಕ್ಕಾಚಾರದಲ್ಲಿ ನೋಡಿದರು. ಮದ್ಯಸಾರ ಶೇ 45ರವರೆಗೆ ಇದ್ದಾಗ ಆ ಅಣು ಮದ್ಯಸಾರದ ಜೊತೆ ಮೇಲ್ಮೈಗೆ ಬಂದು ನಿಲ್ಲುತ್ತದೆ. ಶೇ 59 ದಾಟಿದರೆ ಒಳಗಿನ ದ್ರವಕ್ಕೆ ಸರಿಯುತ್ತದೆ. ಬ್ರಿಮ್‌ಸ್ಟೋನ್ ಶೇ 53ರಲ್ಲಿ ಈ ಎರಡರ ನಡುವೆ ನಿಂತಿದೆ. ಹಾಗಾದರೆ ಸ್ವಲ್ಪ ನೀರು ಬಿದ್ದರೆ ಹೊಗೆ ಇನ್ನೂ ಹೆಚ್ಚು ಮೂಗಿಗೆ ಬರಬೇಕು. ಆದರೆ ಅದೇ ನೀರು ಮದ್ಯಸಾರದ ಉರಿಯನ್ನು ತಗ್ಗಿಸುವುದರಿಂದ ನಾಲಿಗೆಗೆ ಧಾನ್ಯ ಸಿಗುತ್ತದೆ. ಮೂಗಿನಲ್ಲಿ ಹೊಗೆ, ಬಾಯಲ್ಲಿ ಜೋಳ. ನೀರು ಹಾಕಿ ಕುಡಿದವರ ಅನುಭವ ಹಾಕದವರ ಅನುಭವಕ್ಕಿಂತ ಅಷ್ಟು ದೂರ ಇರುವುದಕ್ಕೆ ಇದು ಒಂದು ಕಾರಣ ಇರಬೇಕು ಎಂದು ನನ್ನ ಊಹೆ.

ಇದು ಮೋಸ ಎನ್ನುವವರಿದ್ದಾರೆ. ಕಾಳಿಗೆ ಹಿಡಿದ ಹೊಗೆ ಸಹಜ, ತಯಾರಾದ ವಿಸ್ಕಿಗೆ ಹಿಡಿಸಿದ ಹೊಗೆ ಕೃತಕ ಎಂಬುದು ಅವರ ವಾದ. ಈ ವಾದ ನನಗೆ ಒಪ್ಪಿಗೆಯಿಲ್ಲ. ಒಳಮೈ ಸುಟ್ಟ ಪೀಪಾಯಿಯಲ್ಲಿ ಬರ್ಬನ್ ಮಾಗಿಸುವುದೂ, ಶೆರಿ ತುಂಬಿದ್ದ ಪೀಪಾಯಿಗೆ ಸ್ಕಾಚ್ ಸುರಿಯುವುದೂ ಬಟ್ಟಿ ಇಳಿದ ಮೇಲೆ ರುಚಿ ಸೇರಿಸುವ ಕೆಲಸಗಳೇ. ಅವು ಹಳೆಯವಾದ್ದರಿಂದ ಸಹಜವೆನಿಸುತ್ತವೆ. ಯಾವ ಹಂತದಲ್ಲಿ ಹೊಗೆ ಬಂತು ಎನ್ನುವುದಕ್ಕಿಂತ, ಬಂದ ಹೊಗೆ ಧಾನ್ಯವನ್ನು ನುಂಗಿತೇ ಇಲ್ಲವೇ ಎಂದು ಕೇಳಬೇಕು. ಮೂಲ ಸಾರಾಯಿ ಸಪ್ಪೆಯಾಗಿದ್ದರೆ ಹೊಗೆ ಅದರ ದೋಷವನ್ನು ಮುಚ್ಚುವ ಮುಸುಕಾಗುತ್ತಿತ್ತು. ನೀಲಿ ಜೋಳದ ಎಣ್ಣೆಯಂಶ ಇರುವುದರಿಂದಲೇ ಅದು ಹೊಗೆಗೆ ಎದುರು ನಿಂತಿದೆ. ಅದೇ ಡಿಸ್ಟಿಲರಿಯ ಬೇಬಿ ಬ್ಲೂ ಮೊದಲು ಕುಡಿದು ಆಮೇಲೆ ಬ್ರಿಮ್‌ಸ್ಟೋನ್‌ಗೆ ಬಂದವರಿಗೆ ಇದು ಚೆನ್ನಾಗಿ ಗೊತ್ತಾಗುತ್ತದೆ. ಆದರೂ ಇನ್ನೊಂದು ದೂರನ್ನು ತಳ್ಳಿಹಾಕಲಾರೆ: ಎರಡನೇ ಗ್ಲಾಸಿನ ಹೊತ್ತಿಗೆ ನಾಲಿಗೆ ದಣಿಯುತ್ತದೆ. ಇದು ಇಡೀ ಸಂಜೆ ಕೂತು ಕುಡಿಯುವ ವಿಸ್ಕಿಯಲ್ಲ.

ವಯಸ್ಸಿನ ಪ್ರಶ್ನೆಯೂ ಏಳುತ್ತದೆ. ಸ್ಕಾಚ್ ಓದಿಕೊಂಡು ಬಂದವರು ಬಾಟಲಿಯ ಮೇಲೆ ವರ್ಷ ಹುಡುಕುತ್ತಾರೆ, ಇಲ್ಲಿ ಅದು ಇಲ್ಲ. ಈ ಚರ್ಚೆ ಬೆಂಗಳೂರಿನವರಿಗೆ ಚೆನ್ನಾಗಿ ಪರಿಚಯ. 2004ರಲ್ಲಿ ಅಲ್ಲಿನ ಅಮೃತ್ ಡಿಸ್ಟಿಲರೀಸ್ ತನ್ನ ಸಿಂಗಲ್ ಮಾಲ್ಟ್ ಅನ್ನು ಗ್ಲಾಸ್ಗೋದಲ್ಲಿ ಬಿಡುಗಡೆ ಮಾಡಿದಾಗ ಎದುರಿಸಿದ್ದೂ ಇದೇ ಪ್ರಶ್ನೆಯನ್ನು. ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇ 2 ಆವಿಯಾದರೆ ಬೆಂಗಳೂರಿನಲ್ಲಿ ಶೇ 10ಕ್ಕೂ ಹೆಚ್ಚು ಹೋಗುತ್ತದೆ. ಬಿಸಿಲಿಗೆ ವಿಸ್ಕಿ ಮರದೊಳಗೆ ಹೊಕ್ಕು ಹೊರಬರುವ ಓಟ ಜೋರು, ಹೀಗಾಗಿ ಕೆಲವೇ ವರ್ಷಗಳಲ್ಲಿ ಬಣ್ಣ, ರುಚಿ ಎರಡೂ ಏರುತ್ತವೆ. ಬೇಸಿಗೆಯಲ್ಲಿ 38 ಡಿಗ್ರಿ ಸಲೀಸಾಗಿ ದಾಟುವ ವೇಕೋದಲ್ಲೂ ಅದೇ ನಡೆಯುತ್ತದೆ. ಅಮೃತ್‌ನ ‘ಫ್ಯೂಶನ್’ನಲ್ಲಿ ನಮ್ಮ ದೇಶದ ಬಾರ್ಲಿಯ ಜೊತೆ ಸ್ಕಾಟ್ಲೆಂಡಿನ ಪೀಟ್ ಹೊಗೆಯ ಬಾರ್ಲಿ ಸೇರಿದೆ. ಧಾನ್ಯ ಒಂದು ನಾಡಿನದು, ಹೊಗೆ ಇನ್ನೊಂದರದು. ಬಿಸಿಲು ನಾಡಿನ ವಿಸ್ಕಿಯನ್ನು ತಣ್ಣನೆಯ ನಾಡಿನ ಅಳತೆಗೋಲಿನಿಂದ ಅಳೆಯಬಾರದು ಎಂದು ಅಮೃತ್ ಸಾಧಿಸಿ ತೋರಿಸಿದ ಮೇಲೂ ಟೆಕ್ಸಸ್‌ನವರು ಅದೇ ಉತ್ತರ ಕೊಡುತ್ತಾ ಕೂರಬೇಕಾಗಿರುವುದು ಸರಿಯಲ್ಲ.

ಡಿಸ್ಟಿಲರಿಯ ಮುಂದಿನ ಕಥೆ ವೇಗವಾಗಿ ಓಡಿತು. 2012ರಲ್ಲಿ ಲಂಡನ್‌ನಲ್ಲಿ ನಡೆದ ‘ಬೆಸ್ಟ್ ಇನ್ ಗ್ಲಾಸ್’ ಸ್ಪರ್ಧೆಯಲ್ಲಿ, ಹೆಸರು ಮರೆಮಾಡಿ ರುಚಿ ನೋಡಿದಾಗ, ಅದರ ಸಿಂಗಲ್ ಮಾಲ್ಟ್ ನಾಮಾಂಕಿತ ಸ್ಕಾಚ್‌ಗಳನ್ನು ಹಿಂದಿಕ್ಕಿತು. ಹೂಡಿಕೆದಾರರೊಂದಿಗಿನ ಜಗಳ ನ್ಯಾಯಾಲಯದವರೆಗೆ ಹೋಗಿ 2014ರಲ್ಲಿ ಟೇಟ್ ಹೊರನಡೆದರು. 2016ರಲ್ಲಿ ಕೆಲಸವೆಲ್ಲ ಊರ ನಡುವಿನ ‘ಟೆಕ್ಸಸ್ ಫೈರ್‌ಪ್ರೂಫ್ ಸ್ಟೋರೇಜ್’ ಎಂಬ ಹಳೆಯ ಗೋದಾಮಿನ ಕಟ್ಟಡಕ್ಕೆ ಸ್ಥಳಾಂತರಗೊಂಡಿತು, ಸ್ಕಾಟ್ಲೆಂಡಿನ ಫೋರ್ಸಿತ್ಸ್ ಕಂಪನಿಯ ತಾಮ್ರದ ಬಟ್ಟಿಗಳು ಬಂದವು. 2022ರಲ್ಲಿ ಮದ್ಯ ಕಂಪನಿ ಡಿಯಾಜಿಯೊ ಇಡೀ ಡಿಸ್ಟಿಲರಿಯನ್ನೇ ಕೊಂಡಿತು. ಐಲಾದ ಲಾಗಾವುಲಿನ್ ಕೂಡ ಅದೇ ಕಂಪನಿಯದು.

ಹೊಸದಾಗಿ ಈ ವಿಸ್ಕಿಯ ರುಚಿ ನೋಡಬೇಕೆನ್ನುವವರಿಗೆ ಇಷ್ಟು ಹೇಳುತ್ತೇನೆ. ಹಲವು ವಿಸ್ಕಿಗಳ ಸಾಲಿನಲ್ಲಿ ಇದನ್ನು ಕೊನೆಗೆ ಇಡಿ. ಇದರ ಮೇಲೆ ಬೇರಾವ ಮೃದು ವಿಸ್ಕಿಯ ರುಚಿಯೂ ತಿಳಿಯುವುದಿಲ್ಲ. ಚಿಕ್ಕ ಅಳತೆ ಸಾಕು. ಐಸ್ ಬೇಡ, ತಣ್ಣಗಾದರೆ ಜೋಳದ ಸಿಹಿ ಮುದುಡಿ ಬರೀ ಕಹಿ ಉಳಿಯುತ್ತದೆ. ಮೊದಲ ಗುಟುಕಿಗೆ ನೀರಿಲ್ಲದೆ ನೋಡಿ, ಆಮೇಲೆ ಅರ್ಧ ಚಮಚ ನೀರು ಹಾಕಿ ಇನ್ನೊಂದು ಗುಟುಕು. ಎರಡಕ್ಕೂ ಹೊಂದದಿದ್ದರೆ ಕಾಕ್‌ಟೇಲಿನಲ್ಲಿ ಕಾಲು ಪಾಲು ಬ್ರಿಮ್‌ಸ್ಟೋನ್, ಮುಕ್ಕಾಲು ಪಾಲು ಸಾದಾ ಬರ್ಬನ್ ಬೆರೆಸಿ. ಹೊಗೆಯನ್ನು ದ್ವೇಷಿಸುತ್ತೇನೆ ಎಂದವರಲ್ಲೂ ಹಲವರು ಈ ಅಳತೆಗೆ ಒಪ್ಪಿದ್ದಾರೆ.