ಅಮ್ಮ ಬಂದ ಹುಡುಗನನ್ನು ಬಸ್ಸು ಹತ್ತಿಸಬಹುದೇ?

ಪ್ರಶ್ನೆ: ಮಗ ಬಳ್ಳಾರಿಯ ಹಾಸ್ಟೆಲ್‌ನಲ್ಲಿದ್ದಾನೆ. ಅವನ ರೂಮ್‌ಮೇಟ್‌ಗೆ ಚಿಕನ್‌ಪಾಕ್ಸ್ (ಅಮ್ಮ) ಆದಾಗ ಅವತ್ತೇ ಊರಿಗೆ ಕಳಿಸಿಬಿಟ್ಟರಂತೆ. ಇದು ಸರಿಯೇ? ಹಾಜರಿ ಗತಿ ಏನು?
– ಓದುಗರು, ಸಿರುಗುಪ್ಪ

ಉತ್ತರ: ಸೋಂಕಿತನನ್ನು ಬೇರೆ ಇಡಬೇಕಾದದ್ದು ನಿಜ, ಆದರೆ ಬಸ್ಸು ಹತ್ತಿಸಬಾರದು. ಗುಳ್ಳೆ ಏಳುವ ಒಂದೆರಡು ದಿನ ಮೊದಲೇ ಈ ಸೋಂಕು ಹರಡುತ್ತದೆ; ಕೊನೆಯ ಗುಳ್ಳೆ ಒಣಗಿ ಹಕ್ಕಳೆ ಕಟ್ಟುವವರೆಗೂ ನಿಲ್ಲುವುದಿಲ್ಲ. ಕಿಕ್ಕಿರಿದ ಸಿರುಗುಪ್ಪ, ಕುರುಗೋಡು ಬಸ್ಸಿನಲ್ಲಿ ಪಕ್ಕದಲ್ಲೇ ಬಸುರಿಯೋ ಹಸುಗೂಸೋ ಇದ್ದರೆ? ಹಾಸ್ಟೆಲ್‌ನಲ್ಲೇ ಒಂದು ಕೋಣೆ ಬಿಟ್ಟುಕೊಡುವುದು ಮೇಲು. ಆಗದಿದ್ದರೆ ಮನೆಯವರು ಬೇರೆ ಗಾಡಿ ಮಾಡಿಕೊಂಡು ಬರಲಿ.

ನಿಮ್ಮ ಮಗನಿಗೆ ಹಿಂದೆ ಅಮ್ಮ ಬಂದಿರದಿದ್ದರೆ, ಲಸಿಕೆಯೂ ಆಗಿರದಿದ್ದರೆ, 21 ದಿನ ಮೈಮೇಲೆ ಕಣ್ಣಿಟ್ಟಿರಲಿ. ಲಸಿಕೆ ಬಗ್ಗೆ ಈಗಲೇ ವೈದ್ಯರನ್ನು ಕೇಳಿ.

ಹಾಜರಿ ಸಾಮಾನ್ಯವಾಗಿ ಶೇ 75 ಇರಬೇಕು. ರಿಯಾಯಿತಿ ಸಿಗುತ್ತದೋ ಇಲ್ಲವೋ ಎಂಬುದು ಆಯಾ ವಿಶ್ವವಿದ್ಯಾಲಯದ ನಿಯಮಕ್ಕೆ ಬಿಟ್ಟದ್ದು. ವೈದ್ಯಕೀಯ ಪ್ರಮಾಣಪತ್ರವನ್ನು ಜ್ವರ ಬಂದ ದಿನವೇ ಮಾಡಿಸಿ, ಪರೀಕ್ಷೆ ಹೊತ್ತಿಗೆ ತಂದರೆ ಯಾರೂ ನಂಬುವುದಿಲ್ಲ!

ಇನ್ನೊಂದು ಮಾತು: ಹಾಸ್ಟೆಲ್‌ನಲ್ಲಿ ಸೋಂಕು ತಡೆಯುವ ನಿಯಮ ಬರೆಯುವವರು ಮೆಸ್ಸಿನ ಅಡುಗೆಯವರನ್ನು ಮರೆಯುವುದೇ ಹೆಚ್ಚು. ದಿನಗೂಲಿ ಕಡಿತವಾದರೆ ಅವರು ಜ್ವರ ಮುಚ್ಚಿಟ್ಟೇ ಅನ್ನ ಬಡಿಸುತ್ತಾರೆ. ಸೋಂಕು ವಿದ್ಯಾರ್ಥಿಗಳಲ್ಲೇ ನಿಲ್ಲುವುದಿಲ್ಲ: 2021ರ ನವೆಂಬರ್‌ನಲ್ಲಿ ಧಾರವಾಡದ ಎಸ್‌ಡಿಎಂ ವೈದ್ಯಕೀಯ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಜತೆ ಸಿಬ್ಬಂದಿಗೂ ಕೋವಿಡ್ ತಗುಲಿತ್ತು.