ನಿಲ್ಲಲೆಂದೇ ಹೊರಡುವ ಹಡಗು

ಸರಕಿನ ಹಡಗಿಗೆ ಬಂದರು ಮುಟ್ಟುವ ಅವಸರ. ಮೀನಿನ ಬೋಟಿಗೆ ಬಲೆ ತುಂಬುವ ತನಕ ಅಲೆದಾಟ. ಸಮುದ್ರ ಸಂಶೋಧನೆಯ ಹಡಗು ಮಾತ್ರ ನಡುಗಡಲಲ್ಲಿ ನಿಲ್ಲುವುದಕ್ಕೆಂದೇ ಹೊರಡುತ್ತದೆ. ದಡ ಕಾಣದ ಆ ಜಾಗದಲ್ಲಿ ಗುರುತಿಗೆ ಒಂದು ಬಂಡೆಯೂ ಇರುವುದಿಲ್ಲ. ಇರುವುದು ನಕಾಶೆಯ ಮೇಲೆ ಮೊದಲೇ ಇಟ್ಟ ಒಂದು ಚುಕ್ಕೆ ಅಷ್ಟೇ. ಅಲ್ಲಿಗೆ ಬಂದು, ವೇಗ ಇಳಿಸಿ, ಅಲೆಗೆ ಹೊಂದಿಕೊಂಡು ನಿಂತ ಮೇಲೆ ಕೆಲಸ ಶುರುವಾಗುತ್ತದೆ. ಹಡಗಿನವರ ಬಾಯಲ್ಲಿ ಇದು ‘ಸ್ಟೇಷನ್’. ಅದು ಊಟದ ಹೊತ್ತಿಗೆ ಬಂದರೆ ಊಟ ಮುಂದಕ್ಕೆ ಹೋಗುತ್ತದೆ, ರಾತ್ರಿ ಎರಡಕ್ಕೆ ಬಂದರೆ ನಿದ್ದೆ.

ಡೆಕ್ಕಿನ ಮೇಲೆ ಒಂದು ಉಕ್ಕಿನ ಚೌಕಟ್ಟು. ಅದರ ಸುತ್ತ ಹನ್ನೆರಡೋ ಇಪ್ಪತ್ತನಾಲ್ಕೋ ಉದ್ದನೆಯ ಬಾಟಲಿಗಳು, ಎರಡೂ ತುದಿ ಬಾಯಿ ತೆರೆದಂಥವು. ಜೊತೆಗೆ ಉಪ್ಪಿನಂಶ, ಉಷ್ಣತೆ, ಆಳ ಅಳೆಯುವ ಸಿಟಿಡಿ ಉಪಕರಣ. ಖಲಾಸಿಗಳು ಹಗ್ಗ ಹಿಡಿದು ಅದು ಹಡಗಿನ ಮೈಗೆ ಬಡಿಯದಂತೆ ನೋಡಿಕೊಂಡರೆ, ವಿಂಚಿನವರು ಅದನ್ನು ಸೆಕೆಂಡಿಗೆ ಸುಮಾರು ಒಂದು ಮೀಟರಿನಂತೆ ನೀರಿಗೆ ಇಳಿಸುತ್ತಾರೆ. 4,000 ಮೀಟರ್ ಮುಟ್ಟಲು ಒಂದು ಗಂಟೆ ಮೀರುತ್ತದೆ. ಮೇಲೆ ಬರುವಾಗ ಒಂದೊಂದು ಆಳದಲ್ಲಿ ನಿಲ್ಲಿಸಿ, ಒಳಗೆ ಕಂಪ್ಯೂಟರಿನ ಮುಂದೆ ಕೂತವರು ಒಂದೊಂದು ಬಾಟಲಿಯ ಬಾಯಿ ಮುಚ್ಚಿಸುತ್ತಾರೆ. ಮೂರು ಗಂಟೆಯ ಈ ಕೆಲಸ ಇವತ್ತಿನ ರೂಪಕ್ಕೆ ಬರಲು 100 ವರ್ಷಕ್ಕೂ ಹೆಚ್ಚು ಹಿಡಿಯಿತು.

ಅದರ ಮೊದಲ ದೊಡ್ಡ ಅಧ್ಯಾಯ ಬ್ರಿಟನ್ನಿನ ‘ಚಾಲೆಂಜರ್’ ಹಡಗಿನದು. ಯುದ್ಧನೌಕೆಯಾಗಿದ್ದ ಅದರ ಬಹುಪಾಲು ಫಿರಂಗಿಗಳನ್ನು ಇಳಿಸಿ, ಆ ಜಾಗದಲ್ಲಿ ಪ್ರಯೋಗಾಲಯ ಕಟ್ಟಿ, ಮೈಲುಗಟ್ಟಲೆ ಸೆಣಬಿನ ಹಗ್ಗ ತುಂಬಿದರು. 1872ರ ಡಿಸೆಂಬರಿನಲ್ಲಿ ಪೋರ್ಟ್ಸ್‌ಮತ್‌ನಿಂದ ಹೊರಟ ಹಡಗು ಮರಳಿದ್ದು 1876ರ ಮೇ ತಿಂಗಳಲ್ಲಿ. ಕ್ರಮಿಸಿದ ದೂರ 68,890 ನಾಟಿಕಲ್ ಮೈಲು, ನಿಂತ ಸ್ಟೇಷನ್ 362. ನಿಂತ ಕಡೆಯೆಲ್ಲ ಸಾಧ್ಯವಾದ ಮಟ್ಟಿಗೆ ಒಂದೇ ಕ್ರಮ: ಆಳ ನೋಡು, ತಳದ ಮಣ್ಣು ತೆಗೆ, ಬೇರೆ ಬೇರೆ ಮಟ್ಟದ ಉಷ್ಣತೆ ಬರೆದುಕೋ, ನೀರು ಹಿಡಿ, ಬಲೆ ಎಳೆ. ತಂಡದ ಮುಖ್ಯಸ್ಥ ವೈವಿಲ್ ಥಾಮ್ಸನ್ ಮತ್ತು ಸಂಗಡಿಗರು ಬಿಟ್ಟುಹೋದ ಆಸ್ತಿಯಲ್ಲಿ ದೊಡ್ಡದು ಯಾವುದು ಎಂದು ಕೇಳಿದರೆ ನಾನು ಈ ಕ್ರಮವನ್ನೇ ಹೇಳುತ್ತೇನೆ. ಸಾವಿರಾರು ಹೊಸ ಜೀವಿಗಳು, 50 ಸಂಪುಟಗಳ ವರದಿ ಎಲ್ಲವೂ ಅದರಿಂದ ಹುಟ್ಟಿದವು.

ಹಗ್ಗ ಎಳೆಯುವವರಿಗೆ ಆ ಕ್ರಮ ಸುಲಭವಾಗಿರಲಿಲ್ಲ. ಆಳದ ಕಡಲಲ್ಲಿ ಒಂದು ಸ್ಟೇಷನ್ ಮುಗಿಸಲು ಇಡೀ ಹಗಲು ಬೇಕಾಗುತ್ತಿತ್ತು. ಮೊದಮೊದಲು ಬಲೆ ಮೇಲೆ ಬಂದಾಗ ಕೆಲಸ ಬಿಟ್ಟು ಬರಬಹುದಾದವರೆಲ್ಲ ಸುತ್ತ ನೆರೆಯುತ್ತಿದ್ದರು. ತಿಂಗಳುಗಳು ಕಳೆದಂತೆ ಗುಂಪು ಕರಗಿತು, ಕೊನೆಗೆ ವಿಜ್ಞಾನಿಗಳಲ್ಲೂ ಎಲ್ಲರೂ ಬರುತ್ತಿರಲಿಲ್ಲ ಎಂದು ಹಡಗಿನಲ್ಲಿದ್ದ ಜೀವವಿಜ್ಞಾನಿ ಹೆನ್ರಿ ಮೋಸ್ಲಿ ಬರೆದಿಟ್ಟಿದ್ದಾನೆ. ಕೆಸರನ್ನು ಬರಿಗೈಯಲ್ಲಿ ತೊಳೆದು, ಡೆಕ್ಕು ಉಜ್ಜಿ, ಮರುದಿನ ಮತ್ತೆ ಅದನ್ನೇ ಮಾಡಬೇಕಾದವರ ದಣಿವು ಆ ಮಾತಿನಲ್ಲಿದೆ. 1873ರ ಮಾರ್ಚ್‌ನಲ್ಲಿ ಬಲೆಯ ಹಗ್ಗ ಬಿಗಿದು ರಾಟೆಯೊಂದು ಕಿತ್ತು ಬಂದು ಬಡಿದು ವಿಲಿಯಂ ಸ್ಟೋಕ್ಸ್ ಎಂಬ ಎಳೆಯ ನಾವಿಕ ಸತ್ತ. ಆಳಗಡಲಿನ ವಿಜ್ಞಾನದ ಚರಿತ್ರೆಯಲ್ಲಿ ಥಾಮ್ಸನ್ನನ ಹೆಸರಿನ ಪಕ್ಕದಲ್ಲೇ ಆ ಹುಡುಗನ ಹೆಸರೂ ಇರಬೇಕು.

1875ರ ಮಾರ್ಚ್ 23ರಂದು ಪೆಸಿಫಿಕ್ಕಿನ ಮರಿಯಾನಾ ಕಂದಕದಲ್ಲಿ ಹಗ್ಗ 4,475 ಮಾರು ಇಳಿಯಿತು, ಎಂದರೆ 8,184 ಮೀಟರ್. ಸುದ್ದಿಯಾದದ್ದು ಅದು. ಆದರೆ ಸದ್ದಿಲ್ಲದೆ ಸೀಸೆಗಳಲ್ಲಿ ಊರಿಗೆ ಬಂದ ನೀರು ಇನ್ನೂ ದೊಡ್ಡ ಸಂಗತಿ ಹೇಳಿತು. ಲೋಕದ ಬೇರೆ ಬೇರೆ ಕಡಲಿನ 77 ಮಾದರಿಗಳನ್ನು ವಿಲಿಯಂ ಡಿಟ್ಮಾರ್ ಪರೀಕ್ಷಿಸಿ 1884ರಲ್ಲಿ ಫಲಿತಾಂಶ ಕೊಟ್ಟ. ಕಡಲು ಹೆಚ್ಚು ಉಪ್ಪಾಗಿರಲಿ, ಕಡಿಮೆ ಉಪ್ಪಾಗಿರಲಿ, ಅದರಲ್ಲಿರುವ ಮುಖ್ಯ ಲವಣಗಳ ಪರಸ್ಪರ ಪ್ರಮಾಣ ಬಹುಮಟ್ಟಿಗೆ ಒಂದೇ. ಹಾಗಾದರೆ ಎಲ್ಲ ಲವಣಗಳನ್ನೂ ಅಳೆಯುವ ಕಷ್ಟವೇಕೆ, ಒಂದನ್ನು ಅಳೆದರೆ ಸಾಕು. ಮುಂದೆ ಅದೂ ಬೇಡವಾಯಿತು. ನೀರಿನಲ್ಲಿ ವಿದ್ಯುತ್ ಎಷ್ಟು ಸರಾಗವಾಗಿ ಹರಿಯುತ್ತದೆ ಎಂದು ನೋಡಿ ಉಪ್ಪಿನಂಶ ಹೇಳಬಹುದಾಯಿತು. ಸಿಟಿಡಿ ಉಪಕರಣ ಇವತ್ತು ಮಾಡುವುದು ಅದನ್ನೇ.

ನಡುವಿನ ಕಾಲವನ್ನು ಆಳಿದ್ದು ನಾರ್ವೆಯ ಫ್ರಿಡ್ಯೋಫ್ ನಾನ್ಸೆನ್‌ನ ಬಾಟಲಿ. ತಂತಿಯುದ್ದಕ್ಕೂ ಬಾಟಲಿಗಳನ್ನು ಕಟ್ಟಿ ಇಳಿಸಿ, ಮೇಲಿನಿಂದ ಒಂದು ಹಿತ್ತಾಳೆಯ ತೂಕವನ್ನು ತಂತಿಯ ಮೇಲೆ ಜಾರಿಬಿಡುವುದು. ಅದು ಬಡಿದ ಕೂಡಲೇ ಮೊದಲ ಬಾಟಲಿ ತಲೆಕೆಳಗಾಗಿ ಮುಚ್ಚಿಕೊಂಡು, ತನ್ನ ಕೆಳಗಿನ ತೂಕವನ್ನು ಮುಂದಿನ ಬಾಟಲಿಗೆ ಕಳಿಸುತ್ತದೆ. ಅದಕ್ಕೆ ಅಂಟಿಸಿದ ಥರ್ಮಾಮೀಟರಿನ ಪಾದರಸ ಮಗುಚಿದ ಗಳಿಗೆಯಲ್ಲೇ ತುಂಡಾಗಿ ಆ ಆಳದ ಉಷ್ಣತೆಯನ್ನು ಹಿಡಿದಿಡುತ್ತದೆ. ತೂಕ ಬಡಿಯಿತೇ ಎಂದು ತಿಳಿಯಲು ತಂತಿಯ ಮೇಲೆ ಕೈಯಿಟ್ಟು ಅದರುವಿಕೆ ಎಣಿಸುತ್ತಿದ್ದರು. ಅನುಭವಿಗಳ ಅಂಗೈಯೇ ಅಲ್ಲಿ ಉಪಕರಣ. ಇಂಥ ಬಾಟಲಿಗಳ ಜೊತೆಗೆ ಪ್ರತಿಧ್ವನಿಯಿಂದ ಆಳ ಹೇಳುವ ಯಂತ್ರವನ್ನೂ ಹೊತ್ತು 1925ರಿಂದ 1927ರವರೆಗೆ ಜರ್ಮನಿಯ ‘ಮೀಟಿಯೋರ್’ ದಕ್ಷಿಣ ಅಟ್ಲಾಂಟಿಕ್ಕನ್ನು ಅತ್ತಿಂದಿತ್ತ ಹಾಯುತ್ತ 310 ಸ್ಟೇಷನ್ ಮುಗಿಸಿತು.

ನಮ್ಮ ಅರಬ್ಬೀ ಸಮುದ್ರಕ್ಕೆ ಈ ಪದ್ಧತಿ ಬಂದ ದಾರಿ ಸ್ವಾರಸ್ಯವಾದದ್ದು. ಚಾಲೆಂಜರ್ ಹಡಗಿನಲ್ಲಿದ್ದ ಜಾನ್ ಮರ್ರೆ ಮುಂದೆ ಕ್ರಿಸ್ಮಸ್ ದ್ವೀಪದ ಫಾಸ್ಫೇಟ್ ಗಣಿಯಿಂದ ಶ್ರೀಮಂತನಾಗಿ, ಸಮುದ್ರ ಸಂಶೋಧನೆಗೆಂದು ಹಣ ಬಿಟ್ಟುಹೋದ. ಆ ಹಣದಲ್ಲಿ 1933–34ರಲ್ಲಿ ‘ಮಬಾಹಿಸ್’ ಎಂಬ ಪುಟ್ಟ ಈಜಿಪ್ಟ್ ಹಡಗು ಅರಬ್ಬೀ ಸಮುದ್ರಕ್ಕೆ ಬಂತು. ನಾಯಕ ಸೀಮೋರ್ ಸೆವೆಲ್, ಅದಕ್ಕೂ ಮೊದಲು ಭಾರತದ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ಮುಖ್ಯಸ್ಥ. ನಾವಿಕರಲ್ಲಿ ಹೆಚ್ಚಿನವರು ಈಜಿಪ್ಟಿನವರು. ಈ ಕಡಲ ನಡುಮಟ್ಟದಲ್ಲಿ ಆಮ್ಲಜನಕ ತೀರಾ ಕಡಿಮೆ ಎಂಬ ಸಂಗತಿಯನ್ನು ಅಂಕಿಗಳಲ್ಲಿ ತೋರಿಸಿಕೊಟ್ಟವರಲ್ಲಿ ಈ ಯಾತ್ರೆಯವರು ಮೊದಲಿಗರು.

1959ರಿಂದ 1965ರವರೆಗೆ ನಡೆದ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಯಾತ್ರೆಯಲ್ಲಿ 40ಕ್ಕೂ ಹೆಚ್ಚು ಹಡಗುಗಳಿದ್ದವು. ಅಮೆರಿಕ ಕಳಿಸಿದ ‘ಆಂಟನ್ ಬ್ರೂನ್’ ಒಂದು ಕಾಲಕ್ಕೆ ಅಧ್ಯಕ್ಷ ಟ್ರೂಮನ್ನರ ವಿಹಾರನೌಕೆ. ನಮ್ಮ ನೌಕಾಪಡೆ ‘ಐಎನ್‌ಎಸ್ ಕಿಸ್ಟ್ನಾ’ ಕೊಟ್ಟಿತು. ಆ ಯಾತ್ರೆಯ ಬೆನ್ನಲ್ಲೇ 1966ರ ಜನವರಿ 1ರಂದು ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಹುಟ್ಟಿತು. ಈಗ ಅದರ ಮನೆ ಗೋವಾದ ದೋನಾ ಪಾವ್ಲ. ಸಂಸ್ಥೆ ಬಂತು, ಸ್ವಂತ ಹಡಗಿಗೆ ಮಾತ್ರ ಹತ್ತು ವರ್ಷ ಕಾಯಬೇಕಾಯಿತು. 1976ರಲ್ಲಿ ಸಿಕ್ಕ ‘ಗವೇಷಣಿ’ ಕೂಡ ಹೂಳು ಸಾಗಿಸುವ ಬಾರ್ಜಿನ ವಿನ್ಯಾಸವನ್ನು ಮಾರ್ಪಡಿಸಿ ಕೋಲ್ಕತ್ತದ ಗಾರ್ಡನ್ ರೀಚ್ ಕಾರ್ಖಾನೆಯಲ್ಲಿ ಕಟ್ಟಿದ್ದು. ಅದೇ ಹಡಗು 1981ರ ಜನವರಿ 26ರಂದು ಸಮುದ್ರದ ತಳದಿಂದ ಮ್ಯಾಂಗನೀಸ್ ಗಂಟುಗಳನ್ನು ಮೇಲೆತ್ತಿತು. ಚಾಲೆಂಜರ್ 1873ರಲ್ಲಿ ಕಂಡಿದ್ದ ಅದೇ ಬಗೆಯ ಕರಿ ಗಂಟುಗಳು. 1987ರಲ್ಲಿ ಆಳಗಡಲಿನ ಗಣಿ ಪ್ರದೇಶಕ್ಕೆ ವಿಶ್ವಸಂಸ್ಥೆಯ ಮನ್ನಣೆ ಪಡೆದ ಮೊದಲ ದೇಶಗಳಲ್ಲಿ ಭಾರತವಿತ್ತು. ಆ ಹಕ್ಕಿನ ಬೇರು ಗವೇಷಣಿಯ ಡೆಕ್ಕಿನಲ್ಲಿದೆ.

ಇದೇ ಕೆಲಸಕ್ಕೆಂದು ಜರ್ಮನಿಯಲ್ಲಿ ಕಟ್ಟಿಸಿದ, ಸುಮಾರು 100 ಮೀಟರ್ ಉದ್ದದ ‘ಸಾಗರ್ ಕನ್ಯಾ’ 1983ರಲ್ಲಿ ಬಂತು. ಇಂಥ ಹಡಗಿನ ದಿನಚರಿ ಗಡಿಯಾರಕ್ಕಿಂತ ಹೆಚ್ಚಾಗಿ ಪಾಳಿಯ ಲೆಕ್ಕದಲ್ಲಿ ನಡೆಯುತ್ತದೆ. ಹಡಗು ನಡೆಸುವವರಿಗೆ ನಾಲ್ಕು ಗಂಟೆಯ ಪಾಳಿ. ವಿಜ್ಞಾನಿಗಳಿಗೆ ಎಷ್ಟೋ ಸಲ ಹನ್ನೆರಡು ಗಂಟೆ. ಮೇಜಿನ ಮೇಲಿನದನ್ನೆಲ್ಲ ಬಿಗಿದು ಕಟ್ಟಬೇಕು. ಸೊಪ್ಪು ಮೊದಲ ದಿನಗಳಲ್ಲೇ ಮುಗಿದು, ಎಲೆಕೋಸು, ಆಲೂಗಡ್ಡೆ, ಈರುಳ್ಳಿ ಉಳಿಯುತ್ತವೆ. ಬಾಟಲಿಗಳ ಚೌಕಟ್ಟು ಡೆಕ್ಕಿಗೆ ಬಂದ ತಕ್ಷಣ ಮಾತ್ರ ಯಾರಿಗೂ ದಣಿವಿಲ್ಲ. ಸರದಿ ತಪ್ಪುವಂತಿಲ್ಲ. ಗಾಳಿ ಸೋಕಿದರೆ ಕೆಡುವ ಆಮ್ಲಜನಕದ ಮಾದರಿ ಮೊದಲ ಸಾಲಿನಲ್ಲಿ, ಕಾಯಬಲ್ಲ ಉಪ್ಪಿನದು ಕೊನೆಗೆ. ಕೊಳವೆಯನ್ನು ಸೀಸೆಯ ತಳದವರೆಗೆ ಇಳಿಸಿ, ನೀರು ತುಂಬಿ ಹೊರಗೆ ಹರಿಯಲು ಬಿಟ್ಟು, ಒಂದು ಗುಳ್ಳೆಯೂ ಇಲ್ಲದಂತೆ ಹಿಡಿಯಬೇಕು. ಅದಕ್ಕೆ 1888ರಲ್ಲಿ ವಿಂಕ್ಲರ್ ಹೇಳಿಕೊಟ್ಟ ಎರಡು ದ್ರಾವಣ ಸೇರಿಸಿದರೆ ಆಮ್ಲಜನಕ ಇದ್ದ ನೀರಿನಲ್ಲಿ ಕಂದು ಗಸಿ ಕೂರುತ್ತದೆ. ಅರಬ್ಬೀ ಸಮುದ್ರದ ಕೆಲವು ನೂರು ಮೀಟರ್ ಆಳದ ನೀರಿಗೆ ಹಾಕಿದರೆ ಗಸಿ ಬಹುತೇಕ ಬೆಳ್ಳಗೆ ಉಳಿಯುತ್ತದೆ. ಉಸಿರಾಡಲು ಏನೂ ಇಲ್ಲದ ನೀರು ಕಣ್ಣೆದುರಿಗೇ ಇರುತ್ತದೆ.

ಈ ಡೆಕ್ಕಿನ ಮೇಲೆ ಹೆಣ್ಣುಮಕ್ಕಳಿಗೆ ಬಹುಕಾಲ ಜಾಗವಿರಲಿಲ್ಲ. ಹಿಂದೂ ಮಹಾಸಾಗರದ ತಳದ ಚಿತ್ರವನ್ನು ಬ್ರೂಸ್ ಹೀಜನ್ ಜೊತೆ ಸೇರಿ 1964ರಲ್ಲಿ ಹೊರತಂದ ಮೇರಿ ಥಾರ್ಪ್, ತನ್ನ ಕೆಲಸಕ್ಕೆ ಆಧಾರವಾದ ಅಂಕಿಗಳನ್ನು ತಂದ ಹಡಗುಗಳಲ್ಲಿ ಕಾಲಿಡಲಾಗದೆ ವರ್ಷಗಟ್ಟಲೆ ದಡದಲ್ಲೇ ಕೂತು ದುಡಿದರು. ಇದು ವಿಜ್ಞಾನಕ್ಕೆ ಆದ ನಷ್ಟ, ಅನ್ಯಾಯವಂತೂ ಹೌದು. ಗೋವಾ ಸಂಸ್ಥೆಯ ಅದಿತಿ ಪಂತ್ 1983ರಲ್ಲಿ ಅಂಟಾರ್ಕ್ಟಿಕಾಕ್ಕೆ ಹೊರಟದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು.

ಬಿಳಿ ಗಸಿಯ ಆ ನೀರು ನಮ್ಮ ಕರಾವಳಿಗೆ ದೂರದ ವಿಷಯವಲ್ಲ. ಮುಂಗಾರಿನ ತಿಂಗಳುಗಳಲ್ಲಿ ಕೆಳಗಿನ ತಣ್ಣೀರು ಪಶ್ಚಿಮ ಕರಾವಳಿಯ ಆಳವಿಲ್ಲದ ಕಡಲಿಗೆ ಏರಿ ಬರುತ್ತದೆ. ಅದರ ಆಮ್ಲಜನಕ ಮತ್ತಷ್ಟು ಕುಸಿಯುತ್ತಿದೆ ಎಂದು ಎಸ್.ಡಬ್ಲ್ಯು.ಎ. ನಖ್ವಿ ಮತ್ತು ಸಂಗಡಿಗರು 2000ದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದರು. ಆಮ್ಲಜನಕ ಇಳಿದಾಗ ತಳದ ಮೀನು ಜಾಗ ಬಿಡುತ್ತದೆ. ಕಾರವಾರದಿಂದ ಮಂಗಳೂರಿನವರೆಗೆ ಬಲೆ ಬಿಡುವವರ ಅನ್ನದ ಪ್ರಶ್ನೆ ಇದು. ಕುಸಿತ ಎಷ್ಟು ಎಂದು ಹೇಳಲು ಹಳೆಯ ಅಂಕಿ ಬೇಕು. ಅದನ್ನು ಕೊಡುವುದು ಹಿಂದೆ ಯಾರೋ ನಿದ್ದೆಗೆಟ್ಟು, ಗುಳ್ಳೆಯಿಲ್ಲದಂತೆ ಹಿಡಿದ ಸೀಸೆಗಳು. ತಾವೇ ಮುಳುಗೇಳುತ್ತ ಮಾಹಿತಿ ಕಳಿಸುವ ಆರ್ಗೋ ತೇಲುಯಂತ್ರಗಳು ಈಗ ಲೋಕದ ಕಡಲುಗಳಲ್ಲಿ ಸಾವಿರಗಟ್ಟಲೆ ಇವೆ. ಅವು ಕೊಡುವ ಅಂಕಿಯನ್ನು ತಾಳೆ ನೋಡಲು ಹಡಗಿನ ಅಳತೆಯೇ ಒರೆಗಲ್ಲು.

ಸಾಗರ್ ಕನ್ಯಾಗೆ ನಾಲ್ಕು ದಶಕ ದಾಟಿದೆ. ಹೊಸ ಸಂಶೋಧನಾ ಹಡಗೊಂದನ್ನು ಕಟ್ಟಲು 2024ರಲ್ಲಿ ಒಪ್ಪಂದವಾಯಿತು, ಗವೇಷಣಿಯನ್ನು ಕಟ್ಟಿದ ಅದೇ ಗಾರ್ಡನ್ ರೀಚ್ ಕಾರ್ಖಾನೆಯೊಂದಿಗೆ. ಅದು ನೀರಿಗಿಳಿದಾಗ ಸ್ಟೇಷನ್ನುಗಳ ಸಾಲು ಕಡಿಯದಂತೆ ಹಡಗಿನ ದಿನಗಳಿಗೆ ಹಣ ಸಿಗಬೇಕು. ಕಾರವಾರದ ಕೋಡಿಬಾಗದಲ್ಲಿ ಕಡಲ ಜೀವಶಾಸ್ತ್ರ ಓದುತ್ತಿರುವ ಹುಡುಗ ಹುಡುಗಿಯರಿಗೂ ಅದರಲ್ಲಿ ಮಲಗಲು ಒಂದು ಬರ್ತ್, ರಾತ್ರಿ ಪಾಳಿಯಲ್ಲಿ ಒಂದು ಕೆಲಸ ಸಿಗಬೇಕು.